ತಪ್ಪು ಕಾಯಿಲಿನದಲ್ಲ

ಅಮಾವಾಸ್ಯೆಗೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ನಡೆದುಕೊಳ್ಳುವವರಲ್ಲಿ ಬಸ್ಸಿಗೆ ಕಾಯದೆ ಸ್ವಂತ ಗಾಡಿಯಲ್ಲಿ ಬರುವವರು ಬಹಳ. ಹರಿಹರ, ಮಲೇಬೆನ್ನೂರು, ಹೊನ್ನಾಳಿ, ತುಂಗಭದ್ರೆಯಾಚೆಯ ರಾಣೆಬೆನ್ನೂರು ಕಡೆಯಿಂದ ಗಂಡ, ಹೆಂಡತಿ, ಮಗು, ಬುತ್ತಿಗಂಟು ಎಲ್ಲವನ್ನೂ ಹೊತ್ತು ಬರುವ ಆ ಬೈಕುಗಳ ನಡುವೆ ಇಪ್ಪತ್ತು ಮೂವತ್ತು ವರ್ಷ ದುಡಿದವೂ ಇರುತ್ತವೆ. ಅಂಥದೊಂದು ಗಾಡಿ ದಾರಿಯಲ್ಲಿ ಮಿಸ್ಸಿಂಗ್ ಹೊಡೆಯತೊಡಗಿ, ನಾಲ್ಕು ಸಲ ಕೆಮ್ಮಿ ನಿಂತುಬಿಟ್ಟರೆ, ಹತ್ತಿರದ ಗ್ಯಾರೇಜಿನಲ್ಲೋ ಚಹಾದಂಗಡಿಯ ಮುಂದೆ ಕೂಡಿದವರ ಬಾಯಲ್ಲೋ ಬರುವ ತೀರ್ಪು ಒಂದೇ: “ಕಾಯಿಲ್ ಹೋಗೈತಿ ನೋಡ್ರಿ ಅಣ್ಣಾ, ಹೊಸದು ಹಾಕ್ಬೇಕು.”

ದಾವಣಗೆರೆ, ಹರಿಹರದ ಗ್ಯಾರೇಜುಗಳಲ್ಲಿ ಮಾತ್ರವಲ್ಲ, ಇಡೀ ನಾಡಿನಲ್ಲಿ ಈ ಮಾತು ಪ್ರಶ್ನೆಯೇ ಇಲ್ಲದೆ ಚಲಾವಣೆಯಲ್ಲಿದೆ. ಹಳೆಯ ಗಾಡಿ, ಬಿಸಿಯಾದ ಮೇಲೆ ಮಿಸ್ಸಿಂಗ್, ಹಾಗಾದರೆ ಕಾಯಿಲ್. ಇಷ್ಟೇ ತರ್ಕ. ಮೀಟರ್ ಹಿಡಿದು ನೋಡಿದವರಿಲ್ಲ, ತಂತಿ ಎಳೆದು ನೋಡಿದವರಿಲ್ಲ, ಟ್ಯಾಂಕಿನ ಮುಚ್ಚಳ ತೆಗೆದು ನೋಡಿದವರೂ ಇಲ್ಲ. ಪರೀಕ್ಷೆ ಇಲ್ಲದೆ ಕೊಡುವ ಈ ತೀರ್ಪು ಗಾಡಿಯವನ ಹಣವನ್ನು ತಿನ್ನುತ್ತಿದೆ, ಚೆನ್ನಾಗಿರುವ ಹಳೆಯ ಬಿಡಿಭಾಗಗಳನ್ನು ಗುಜರಿಗೆ ಅಟ್ಟುತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಎಳೆಯ ಮೆಕ್ಯಾನಿಕ್‌ಗಳು ಕಲಿಯಬೇಕಾದ ವಿದ್ಯೆಯನ್ನೇ ಕೊಲ್ಲುತ್ತಿದೆ. ಅದನ್ನು ಬಲವಾಗಿ ಅಲ್ಲಗಳೆಯಬೇಕಾದ ಕಾಲ ಬಂದಿದೆ.

ಮೊದಲು ಕಾಯಿಲ್ ಎಂದರೇನು ಎಂಬುದನ್ನು ನೋಡೋಣ. ಕಬ್ಬಿಣದ ತಿರುಳಿನ ಸುತ್ತ ದಪ್ಪ ತಾಮ್ರದ ತಂತಿಯ ಕೆಲವು ನೂರು ಸುತ್ತು, ಕೂದಲಿನಷ್ಟು ತೆಳ್ಳಗಿನ ತಂತಿಯ ಸಾವಿರಾರು ಸುತ್ತು, ಮೇಲೊಂದು ಭದ್ರ ಕವಚ. ಇಷ್ಟೇ. ಬ್ಯಾಟರಿಯಿಂದ ದಪ್ಪ ತಂತಿಗೆ ಹರಿಯುತ್ತಿದ್ದ ಕರೆಂಟನ್ನು ಪಾಯಿಂಟ್ ಎಂಬ ತೆರೆದು ಮುಚ್ಚುವ ಸ್ವಿಚ್ ತಟ್ಟನೆ ಕಡಿದಾಗ ಅಯಸ್ಕಾಂತ ಕ್ಷೇತ್ರ ಕುಸಿಯುತ್ತದೆ. ಆಗ ತೆಳು ತಂತಿಯಲ್ಲಿ ಹದಿನೈದು ಇಪ್ಪತ್ತು ಸಾವಿರ ವೋಲ್ಟ್ ಎದ್ದು ಪ್ಲಗ್‌ನಲ್ಲಿ ಕಿಡಿಯಾಗುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವಿದು. ಚಾರ್ಲ್ಸ್ ಕೆಟರಿಂಗ್ ಅದನ್ನು ಬ್ಯಾಟರಿ, ಪಾಯಿಂಟ್, ಕಂಡೆನ್ಸರ್‌ಗಳ ಜೊತೆ ಹೊಂದಿಸಿದ. 1910ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ನಮ್ಮ ಹಳೆಯ ಬುಲೆಟ್, ಜಾವಾ, ಯೆಜ್ಡಿಗಳಲ್ಲಿ ದಶಕಗಳ ಕಾಲ ಓಡಿದ್ದು ಅದೇ ಏರ್ಪಾಡು.

ಈ ಇಡೀ ಏರ್ಪಾಡಿನಲ್ಲಿ ಅಲುಗಾಡದ, ಸವೆಯದ ಭಾಗಗಳಲ್ಲಿ ಕಾಯಿಲ್ ಒಂದು. ಪಾಯಿಂಟ್ ನಿಮಿಷಕ್ಕೆ ಸಾವಿರಾರು ಸಲ ತೆರೆದು ಮುಚ್ಚುತ್ತದೆ, ಪ್ರತಿ ಸಲವೂ ಇಷ್ಟಿಷ್ಟೇ ಸುಡುತ್ತದೆ. ಪ್ಲಗ್ ಬೆಂಕಿಯ ನಡುವೆಯೇ ಇರುತ್ತದೆ. ಕೀಲಿಯ ಸ್ವಿಚ್ ಮಳೆಯಲ್ಲಿ ನೆನೆಯುತ್ತದೆ. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಹೆಡ್‌ಲೈಟ್ ಹಿಂದಿನ ತಂತಿಗಳ ಕಂತೆ ಬಾಗುತ್ತದೆ, ವರ್ಷಗಳ ಬಳಿಕ ರಬ್ಬರಿನ ಒಳಗೇ ಕಾಣದಂತೆ ತುಂಡಾಗುತ್ತದೆ. ಇಷ್ಟೆಲ್ಲ ಸವೆಯುವ ವಸ್ತುಗಳ ನಡುವೆ, ಟ್ಯಾಂಕಿನ ಕೆಳಗೋ ಪಕ್ಕದ ಡಬ್ಬಿಯಲ್ಲೋ ಸುಮ್ಮನೆ ಕೂತಿರುವ ಕಾಯಿಲಿನ ಮೇಲೆ ಮೊದಲ ಅನುಮಾನ ಬರುವುದು ಏಕೆ? ಅದನ್ನು ಬಿಚ್ಚಿ ನೋಡಲು ಆಗುವುದಿಲ್ಲ ಎಂಬುದೇ ಕಾರಣ. ಪಾಯಿಂಟ್ ಸುಟ್ಟಿದ್ದರೆ ಕಣ್ಣಿಗೆ ಕಾಣುತ್ತದೆ, ಪ್ಲಗ್ ಕಪ್ಪಾಗಿದ್ದರೆ ಕಾಣುತ್ತದೆ. ಕಾಯಿಲ್ ಮಾತ್ರ ಮುಚ್ಚಿದ ಡಬ್ಬಿ. ಅದು ತಪ್ಪಿತಸ್ಥ ಎಂದರೆ ಅಲ್ಲವೆಂದು ಯಾರೂ ಅಲ್ಲೇ ತೋರಿಸಿಕೊಡಲಾರರು.

“ಆದರೆ ಕಾಯಿಲ್ ಬದಲಿಸಿದ ಮೇಲೆ ಗಾಡಿ ಸರಿಹೋಯಿತಲ್ಲ?” ಎಂಬುದು ಈ ವಾದದ ದೊಡ್ಡ ಬಲ. ಗಾಡಿಯವರೂ ಇದನ್ನೇ ಹೇಳುತ್ತಾರೆ, ಮೆಕ್ಯಾನಿಕ್‌ಗಳೂ ಇದನ್ನೇ ಹೇಳುತ್ತಾರೆ. ಸರಿಹೋಗಿದ್ದು ನಿಜ. ಸರಿಹೋಗಿದ್ದು ಕಾಯಿಲಿನಿಂದ ಎಂಬುದಕ್ಕೆ ಮಾತ್ರ ಸಾಕ್ಷಿಯಿಲ್ಲ.

ಸ್ಪ್ಲೆಂಡರ್, ಆರ್‌ಎಕ್ಸ್ 100ರಂಥ ಗಾಡಿಗಳಲ್ಲಿ ಕಾಯಿಲ್ ಇರುವುದು ಟ್ಯಾಂಕಿನ ಕೆಳಗೆ. ಅದನ್ನು ಬದಲಿಸಬೇಕಾದರೆ ಟ್ಯಾಂಕ್ ಎತ್ತಬೇಕು. ಪೆಟ್ರೋಲ್ ಪೈಪ್ ಕಳಚಿ ಮತ್ತೆ ಹಾಕುವಾಗ ಕಾಕಿನ ಬಾಯಲ್ಲಿ ಸಿಕ್ಕಿದ್ದ ಕಸ ಹೊರಬೀಳಬಹುದು. ಟ್ಯಾಂಕ್ ಎತ್ತಿಡುವ ನಡುವೆ ಮುಚ್ಚಳ ತೆರೆದು ಮುಚ್ಚಿದರೆ ಒಳಗಿನ ನಿರ್ವಾತ ಹೋಗುತ್ತದೆ. ಕಾಯಿಲಿನ ತುದಿಯ ಕನೆಕ್ಟರ್ ಎಳೆದು ಹೊಸದಕ್ಕೆ ಒತ್ತುವಾಗ ಅದಕ್ಕೆ ಹಿಡಿದಿದ್ದ ಹಸಿರು ಕಿಲುಬು ಉಜ್ಜಿ ಹೋಗುತ್ತದೆ. ಕಾಯಿಲನ್ನು ಚಾಸಿಗೆ ಬಿಗಿದ ಬೋಲ್ಟ್ ಬಿಚ್ಚಿ ಬಿಗಿಯುವಾಗ ಅರ್ತ್ ಸರಿಹೋಗುತ್ತದೆ. ಎಷ್ಟೋ ಗಾಡಿಗಳಲ್ಲಿ ಆ ಬೋಲ್ಟೇ ಕಾಯಿಲಿನ ಅರ್ತ್. ಹೊಸ ಕಾಯಿಲ್ ಜೊತೆ ಪ್ಲಗ್ಗಿಗೆ ಹೋಗುವ ಹೊಸ ತಂತಿ ಬರುತ್ತದೆ, ಬಹಳ ಸಲ ಹೊಸ ಪ್ಲಗ್ ಕ್ಯಾಪ್ ಕೂಡ. “ಹೆಂಗೂ ಬಿಚ್ಚೀವಿ” ಎಂದು ಪ್ಲಗ್ಗೂ ಹೊಸದಾಗುತ್ತದೆ. ಒಂದು ವಸ್ತು ಬದಲಿಸಿದೆವೆಂದು ತಿಳಿದವರು ಆರೇಳು ಕಡೆ ಕೈಯಾಡಿಸಿರುತ್ತಾರೆ. ಆ ಆರೇಳರಲ್ಲಿ ಯಾವುದು ಗಾಡಿಯನ್ನು ಎಬ್ಬಿಸಿತು?

ತಿಳಿಯಲು ಒಂದೇ ದಾರಿ. ಗಾಡಿ ಸರಿಹೋದ ಮೇಲೆ ಹೊಸ ಕಾಯಿಲ್ ಬಿಚ್ಚಿ, ಉಳಿದದ್ದನ್ನೆಲ್ಲ ಹಾಗೇ ಬಿಟ್ಟು, ಹಳೆಯ ಕಾಯಿಲನ್ನೇ ಮತ್ತೆ ಹಾಕಿ ಓಡಿಸಬೇಕು. ಮಿಸ್ಸಿಂಗ್ ಮರಳಿ ಬಂದರೆ ಕಾಯಿಲೇ ತಪ್ಪಿತಸ್ಥ, ಒಪ್ಪೋಣ. ಬರದಿದ್ದರೆ ಅದು ನಿರ್ದೋಷಿ. ಹತ್ತು ನಿಮಿಷದ ಈ ಕೆಲಸವನ್ನು ಮಾಡುವವರು ತೀರಾ ವಿರಳ. ಹಳೆಯ ಕಾಯಿಲ್ ಆ ಹೊತ್ತಿಗೆ ಗ್ಯಾರೇಜಿನ ಮೂಲೆಯ ಡಬ್ಬದಲ್ಲಿ ಬಿದ್ದಿರುತ್ತದೆ. ತಿಂಗಳೊಪ್ಪತ್ತಿನಲ್ಲಿ ಕನೆಕ್ಟರ್ ಮತ್ತೆ ಕಿಲುಬು ಹಿಡಿದು ಗಾಡಿ ಕೆಮ್ಮತೊಡಗಿದಾಗ, “ಈಗಿನ ಕಾಯಿಲ್ ಬಾಳಿಕೆ ಬರಲ್ಲ” ಎಂಬ ಮತ್ತೊಂದು ತೀರ್ಪು ತಯಾರಾಗುತ್ತದೆ.

ಎರಡನೆಯ ಆಧಾರಸ್ತಂಭ ಕಿಡಿಯ ಬಣ್ಣ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯುತ್ತಾರೆ. ನೀಲಿ ಕಿಡಿ ಬಂದರೆ ಎಲ್ಲ ಸರಿ, ಕೆಂಪಾಗಿ ಬಂದರೆ ಕಾಯಿಲ್ ವೀಕ್. ಈ ಪರೀಕ್ಷೆ ಎರಡೂ ಕಡೆಯಿಂದ ದಾರಿ ತಪ್ಪಿಸುತ್ತದೆ. ಬಯಲಿನ ಗಾಳಿಯಲ್ಲಿ ಒಂದು ಮಿಲಿಮೀಟರ್ ಅಂತರ ದಾಟಲು ಸುಮಾರು 3,000 ವೋಲ್ಟ್ ಸಾಕು; ಪ್ಲಗ್‌ನ ಅರ್ಧ, ಮುಕ್ಕಾಲು ಮಿಲಿಮೀಟರ್ ಅಂತರಕ್ಕೆ ಅದಕ್ಕೂ ಕಡಿಮೆ. ಅದೇ ಪ್ಲಗ್ ಸಿಲಿಂಡರಿನ ಒಳಗೆ ಕೂತು, ಪಿಸ್ಟನ್ ಮೇಲೇರಿ ಮಿಶ್ರಣವನ್ನು ಒತ್ತಿದಾಗ, ಅದೇ ಅಂತರ ದಾಟಲು ನಾಲ್ಕೈದು ಪಟ್ಟು ವೋಲ್ಟೇಜ್ ಬೇಕಾಗುತ್ತದೆ. ಎಕ್ಸಲರೇಟರ್ ಪೂರ್ತಿ ತಿರುಗಿಸಿ ಏರು ಹತ್ತುವಾಗ ಇನ್ನೂ ಹೆಚ್ಚು. ಆದ್ದರಿಂದ ಹೊರಗೆ ಕಂಡ ನೀಲಿ ಕಿಡಿ ಒಳಗಿನ ಕಿಡಿಗೆ ಜಾಮೀನು ಆಗದು. ಇನ್ನು ಕಿಡಿ ಕೆಂಪಾಗಿದ್ದರೆ ಅದಕ್ಕೆ ಬ್ಯಾಟರಿ ಇಳಿದಿರುವುದು, ಪಾಯಿಂಟ್ ಸುಟ್ಟಿರುವುದು, ಕಂಡೆನ್ಸರ್ ಸೋರುವುದು, ಪ್ಲಗ್ ಕ್ಯಾಪ್ ಕೆಟ್ಟಿರುವುದು ಯಾವುದಾದರೂ ಕಾರಣವಾಗಬಹುದು. ಕೆಂಪು ಬಣ್ಣ ಕಾಯಿಲಿನ ಹೆಸರು ಹೇಳುವುದಿಲ್ಲ.

ಸರಿಯಾದ ಪರೀಕ್ಷೆ ಕಷ್ಟದ್ದೇನಲ್ಲ. ಯಮಾಹಾ ಕಂಪನಿಯ ಸರ್ವಿಸ್ ಪುಸ್ತಕಗಳು ಕನಿಷ್ಠ 6 ಮಿಲಿಮೀಟರ್ ಅಂತರವನ್ನು ಕಿಡಿ ದಾಟಬೇಕು ಎನ್ನುತ್ತವೆ. ಹಳೆಯ ಪ್ಲಗ್ ಒಂದರ ಬಾಗಿದ ಕಾಲನ್ನು ತೆಗೆದು, ನಡುಕಂಬಿಗೂ ಅಂಚಿಗೂ ಅಗಲ ಅಂತರ ಮಾಡಿ, ಅದರ ಮೈಯನ್ನು ಎಂಜಿನ್ನಿಗೆ ಗಟ್ಟಿಯಾಗಿ ಅರ್ತ್ ಮಾಡಿದರೆ ಪರೀಕ್ಷಾ ಪ್ಲಗ್ ಸಿದ್ಧ. ದೊಡ್ಡ ಅಂತರವನ್ನು ಟಿಕ್ ಟಿಕ್ ಎಂದು ತಪ್ಪದೆ ದಾಟುವ ಕಿಡಿಯಿದ್ದರೆ ಕಾಯಿಲನ್ನು ಬಿಟ್ಟು ಬೇರೆ ಕಡೆ ಹುಡುಕಬೇಕು.

ಇದರ ಬದಲು ನಡೆಯುತ್ತಿರುವುದೇನು? ಓಡುತ್ತಿರುವ ಎಂಜಿನ್ನಿನ ಪ್ಲಗ್ ಕ್ಯಾಪ್ ಕಿತ್ತು ಗಾಳಿಯಲ್ಲಿ ಹಿಡಿದು “ಕರೆಂಟ್ ಎಷ್ಟು ದೂರ ಹಾರ್ತದ” ಎಂದು ನೋಡುವುದು. ಇದು ಅಪಾಯದ ಅಭ್ಯಾಸ. ಹೊರಹೋಗಲು ದಾರಿ ಸಿಗದ ಹದಿನೈದು ಇಪ್ಪತ್ತು ಸಾವಿರ ವೋಲ್ಟ್ ಕಾಯಿಲಿನ ಒಳಗಿನ ನಿರೋಧಕ ಪದರವನ್ನೇ ತೂತು ಮಾಡಿಕೊಂಡು ಹೊರಡಬಹುದು. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಯೂನಿಟ್ ಇರುವ ಸಿಡಿಐ ಗಾಡಿಗಳಲ್ಲಿ ಆ ಯೂನಿಟ್ಟಿಗೂ ಪೆಟ್ಟು ಬೀಳಬಹುದು. ಚೆನ್ನಾಗಿದ್ದ ಕಾಯಿಲನ್ನು ಕೊಲ್ಲುವ ಪರೀಕ್ಷೆಯನ್ನೇ ಕಾಯಿಲ್ ಸತ್ತಿದೆಯೇ ಎಂದು ತಿಳಿಯಲು ಬಳಸುವುದು ಎಂಥ ವಿಪರ್ಯಾಸ!

ಈಗ ಜನಪ್ರಿಯ ವಾದದ ತಿರುಳಿಗೆ ಬರೋಣ: ತಣ್ಣಗಿದ್ದಾಗ ಓಡುತ್ತದೆ, ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ, ಆದ್ದರಿಂದ ಕಾಯಿಲ್ ಬಿಸಿಗೆ ಕೈಕೊಡುತ್ತಿದೆ. ಈ ಲಕ್ಷಣ ಕಾಯಿಲಿನದ್ದೂ ಹೌದು, ಆದರೆ ಕಾಯಿಲಿನದ್ದು ಮಾತ್ರ ಅಲ್ಲ. ಇದೇ ಲಕ್ಷಣವನ್ನು ಚಾಚೂತಪ್ಪದೆ ತೋರಿಸುವ ದೋಷಗಳು ಹಲವಿವೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು, ಎಲ್ಲಕ್ಕಿಂತ ಕಡೆಗಣಿಸಲಾದದ್ದು ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ. ಪೆಟ್ರೋಲ್ ಇಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಮುಚ್ಚಳದ ಸಣ್ಣ ತೂತು ಧೂಳಿನಿಂದಲೋ ತುಕ್ಕಿನಿಂದಲೋ ಕಟ್ಟಿಕೊಂಡರೆ ಟ್ಯಾಂಕಿನಲ್ಲಿ ನಿರ್ವಾತ ಏರ್ಪಟ್ಟು ಪೆಟ್ರೋಲ್ ಇಳಿಯುವುದು ನಿಧಾನವಾಗುತ್ತದೆ. ಗಾಡಿ ಹತ್ತು ಹದಿನೈದು ಕಿಲೋಮೀಟರ್ ಓಡಿ, ಮಿಸ್ಸಿಂಗ್ ಹೊಡೆದು, ನಿಲ್ಲುತ್ತದೆ. ಬೇವಿನ ಮರದಡಿ ನಿಲ್ಲಿಸಿ ಹತ್ತು ನಿಮಿಷ ಕೂತರೆ ಗಾಳಿ ಮೆಲ್ಲಗೆ ಸೇರಿಕೊಂಡು ಕಾರ್ಬೊರೇಟರಿನ ಬಟ್ಟಲು ತುಂಬುತ್ತದೆ, ಗಾಡಿ ಮತ್ತೆ ಹೊರಡುತ್ತದೆ. “ತಣ್ಣಗಾಗಿ ಸರಿಹೋಯ್ತು” ಎನ್ನುತ್ತಾರೆ. ತಣ್ಣಗಾಗಿದ್ದಕ್ಕೂ ಸರಿಹೋಗಿದ್ದಕ್ಕೂ ಸಂಬಂಧವೇ ಇರುವುದಿಲ್ಲ. ಪರೀಕ್ಷೆಗೆ ಬೇಕಾದದ್ದು ಒಂದು ಕೈ ಮಾತ್ರ: ಗಾಡಿ ಕೆಮ್ಮಿದ ಕೂಡಲೇ ನಿಲ್ಲಿಸಿ ಮುಚ್ಚಳ ತೆರೆಯಿರಿ. ಒಳಕ್ಕೆ ಸುಯ್ಯೆಂದು ಗಾಳಿ ನುಗ್ಗಿ ಗಾಡಿ ತಕ್ಷಣ ಓಡಿದರೆ, ಬೇಕಾದದ್ದು ಕಾಯಿಲ್ ಅಲ್ಲ, ಒಂದು ಸೂಜಿ. ಭತ್ತದ ಒಕ್ಕಲು, ಗದ್ದೆಯ ಏರಿ, ಮಣ್ಣುರಸ್ತೆಗಳ ಧೂಳು ತಿಂದು ಬದುಕುವ ಹರಿಹರ ತಾಲ್ಲೂಕಿನ ಗಾಡಿಗಳಲ್ಲಿ ಮೊದಲು ನೋಡಬೇಕಾದ ಜಾಗವಿದು.

ಎರಡನೆಯದು ಕಂಡೆನ್ಸರ್. ಪಾಯಿಂಟ್ ಇರುವ ಹಳೆಯ ಗಾಡಿಗಳಲ್ಲಿ ಬೆರಳುಗಾತ್ರದ ಈ ಡಬ್ಬಿ ಪಾಯಿಂಟ್ ತೆರೆಯುವಾಗ ಅಲ್ಲಿ ಕಿಡಿ ಹಾರದಂತೆ ಹೀರಿಕೊಂಡು, ಕರೆಂಟ್ ಚಕ್ಕನೆ ಕಡಿಯುವಂತೆ ಮಾಡುತ್ತದೆ. ಅದರ ಸಾಮರ್ಥ್ಯ ಸುಮಾರು 0.2 ಮೈಕ್ರೋಫ್ಯಾರಡ್. ಕಾಯಿಲ್ ಎಂಜಿನ್ನಿನಿಂದ ದೂರವಿದ್ದರೆ ಕಂಡೆನ್ಸರ್ ಬಹಳಷ್ಟು ಗಾಡಿಗಳಲ್ಲಿ ಬಿಸಿ ಎಂಜಿನ್ನಿಗೆ ಅಂಟಿಕೊಂಡೇ ಇರುತ್ತದೆ. ಬಿಸಿಗೆ ಸೋರುವುದು ಯಾವುದಕ್ಕೆ ಸಹಜ ಎಂಬುದನ್ನು ಈ ಜಾಗವೇ ಹೇಳುತ್ತದೆ. ಕತ್ತಲಲ್ಲಿ ಪಾಯಿಂಟ್ ಮುಚ್ಚಳ ತೆಗೆದು ಎಂಜಿನ್ ಓಡಿಸಿ ನೋಡಬೇಕು. ಪಾಯಿಂಟ್ ನಡುವೆ ಸಣ್ಣ ಚುಕ್ಕೆಯ ಬದಲು ದಪ್ಪ ನೀಲಿಬಿಳಿ ಕಿಡಿ ಎದ್ದೇಳುತ್ತಿದ್ದರೆ ಕಂಡೆನ್ಸರ್ ಹೋಗಿದೆ.

ಮೂರನೆಯದು ವಾಲ್ವ್. ನಾಲ್ಕು ಸ್ಟ್ರೋಕ್ ಗಾಡಿಯಲ್ಲಿ ವಾಲ್ವ್ ಸಡಿಲಿಕೆ ತೀರಾ ಬಿಗಿಯಾಗಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಇಳಿಯುತ್ತದೆ, ಗಾಡಿ ನಿಂತ ಮೇಲೆ ಕಿಕ್ಕಿಗೆ ಹಿಡಿತ ಸಿಗುವುದಿಲ್ಲ. ಹಳೆಯ ಬುಲೆಟ್ ತಣ್ಣಗಿರುವಾಗ ಪುಶ್‌ರಾಡ್ ಬೆರಳಲ್ಲಿ ಸರಾಗ ತಿರುಗಬೇಕೆಂಬ ನಿಯಮ ಇರುವುದು ಇದಕ್ಕೇ. ಎರಡು ಸ್ಟ್ರೋಕ್ ಗಾಡಿಯಲ್ಲಾದರೆ ಕ್ರ್ಯಾಂಕಿನ ಸೀಲ್ ಗಟ್ಟಿಯಾಗಿ ಗಾಳಿ ಎಳೆದುಕೊಳ್ಳುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಪಾಲು ತಗ್ಗಿ ಗಾಡಿ ಕೆಮ್ಮುತ್ತದೆ. 1985ರಿಂದ 1996ರವರೆಗೆ ಬಂದ ಆರ್‌ಎಕ್ಸ್ 100ಗಳು ಈಗ ಆ ವಯಸ್ಸಿಗೆ ಬಂದಿವೆ. ಅವುಗಳಿಗೆ ಕಾಯಿಲ್ ಮೇಲೆ ಕಾಯಿಲ್ ಹಾಕಿಸಿದವರು ಮ್ಯಾಗ್ನೆಟ್ ಬದಿಯ ಸೀಲನ್ನು ಒಮ್ಮೆ ನೋಡಿಸಬೇಕಿತ್ತು.

ಮೀಟರ್ ಇಟ್ಟುಕೊಂಡವರೂ ಎಡವುವುದುಂಟು. ಬಿಸಿ ಕಾಯಿಲಿನ ಓಮ್ ಅಳೆದು “ಹೆಚ್ಚು ತೋರಿಸ್ತಿದೆ, ಹೋಗಿದೆ” ಎನ್ನುವವರಿದ್ದಾರೆ. ತಾಮ್ರದ ಗುಣವೇ ಅದು. ತಣ್ಣಗಿದ್ದಾಗ 4 ಓಮ್ ಇದ್ದ ದಪ್ಪ ತಂತಿ, ಬಿಸಿಲು ಮತ್ತು ಎಂಜಿನ್ ಕಾವಿನಲ್ಲಿ ನೂರು ಡಿಗ್ರಿಗೆ ಏರಿದರೆ 5 ಓಮ್ ತೋರಿಸುವುದು ಆರೋಗ್ಯದ ಲಕ್ಷಣ, ರೋಗದ್ದಲ್ಲ. ಇನ್ನೊಂದು ಕಡೆ, ಮೀಟರ್ ಸರಿಯಾದ ಅಂಕಿ ತೋರಿಸಿದ ಮಾತ್ರಕ್ಕೆ ಕಾಯಿಲ್ ಪೂರ್ತಿ ಚೆನ್ನಾಗಿದೆ ಎಂದೂ ಅಲ್ಲ. ಮೀಟರಿನ ಸಣ್ಣ ಬ್ಯಾಟರಿ ಕೊಡುವ ಒತ್ತಡದಲ್ಲಿ ಒಳಗಿನ ಬಿರುಕು ಕಾಣಿಸಿಕೊಳ್ಳದು, ಸಾವಿರಾರು ವೋಲ್ಟಿನಲ್ಲಿ ಮಾತ್ರ ಕಾಣುತ್ತದೆ. ಅದಕ್ಕೇ ದೊಡ್ಡ ಅಂತರದ ಕಿಡಿ ಪರೀಕ್ಷೆ ಬೇಕು, ಅದೂ ಗಾಡಿ ಕೈಕೊಟ್ಟ ಆ ಬಿಸಿಯಲ್ಲೇ.

ತುಂಗಭದ್ರೆ ಉಕ್ಕಿದ ಮಳೆಗಾಲಗಳಲ್ಲಿ ಫತ್ತೇಪುರದಿಂದ ಉಕ್ಕಡಗಾತ್ರಿಗೆ ಹೋಗುವ ರಸ್ತೆ ನೀರಿನಡಿ ಹೋಗುವುದು ಆ ಭಾಗದವರಿಗೆ ಗೊತ್ತಿರುವ ಸಂಗತಿ. ನೀರು ಇಳಿಯುತ್ತಿರುವಾಗಲೇ ದಾಟಿಸುವವರ ಗಾಡಿಗಳು ಮರುದಿನ ಮಿಸ್ಸಿಂಗ್ ಹೊಡೆಯುತ್ತವೆ. ಆಗಲೂ ಕಾಯಿಲೇ ಗುರಿ. ನೀರು ಸೇರುವುದು ಪ್ಲಗ್ ಕ್ಯಾಪಿನ ಒಳಗೆ, ಕೀಲಿಯ ಸ್ವಿಚ್ಚಿನಲ್ಲಿ, ಕನೆಕ್ಟರ್‌ಗಳಲ್ಲಿ, ಪಾಯಿಂಟ್ ಮುಚ್ಚಳದ ಹಿಂದೆ. ಜಾವಾ, ಯೆಜ್ಡಿಗಳಲ್ಲಿ ಪಾಯಿಂಟ್ ಇರುವುದು ಕ್ರ್ಯಾಂಕಿನ ಬಲತುದಿಯ ಮುಚ್ಚಳದ ಹಿಂದೆ, ನೆಲಕ್ಕೆ ಹತ್ತಿರ. ಅಲ್ಲಿ ಒಂದು ಹನಿ ನೀರೋ ಎಣ್ಣೆಯೋ ಸಾಕು. ಪ್ಲಗ್ ಕ್ಯಾಪ್ ಬಿಚ್ಚಿ ಒಳಗಿನ ತಿರುಪು ನೋಡಿದರೆ ಪ್ಲಗ್ ತಂತಿಯ ತುದಿ ಹಸಿರು ಹಿಡಿದಿರುತ್ತದೆ. ಕಾಲಂಗುಲ ಕತ್ತರಿಸಿ ಹೊಸ ತಾಮ್ರಕ್ಕೆ ತಿರುಪು ಕೂರಿಸಿದರೆ ಮುಗಿಯಿತು. ಕ್ಯಾಪಿನೊಳಗಿನ ರೆಸಿಸ್ಟರ್ ಸಾಮಾನ್ಯವಾಗಿ 5,000 ಓಮ್; ಅದನ್ನು ಮೀಟರಿನಲ್ಲಿ ಅಳೆಯಿರಿ. ಲಕ್ಷಗಟ್ಟಲೆ ಓಮ್ ತೋರಿಸಿದರೂ, ಏನೂ ತೋರಿಸದಿದ್ದರೂ ಅದೇ ಕಳ್ಳ.

ಪೆಟ್ರೋಲಿನ ಮಾತನ್ನೂ ಇಲ್ಲೇ ಆಡಬೇಕು. ದೇಶದಲ್ಲಿ ಈಗ ಸಿಗುವುದು ಶೇಕಡಾ ಇಪ್ಪತ್ತರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್. ಎಥನಾಲ್ ನೀರನ್ನು ಹೀರುತ್ತದೆ, ಹೀರುವ ಮಿತಿ ಮೀರಿದರೆ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ತಿಂಗಳುಗಟ್ಟಲೆ ನಿಂತ ಹಳೆಯ ಗಾಡಿ, ತುಕ್ಕು ಹಿಡಿದ ಟ್ಯಾಂಕ್, ಕಿರಾಣಿ ಅಂಗಡಿಯ ಬಾಟಲಿ ಪೆಟ್ರೋಲ್ ಇವೆಲ್ಲ ಸೇರಿದರೆ ಕಾರ್ಬೊರೇಟರಿನ ಬಟ್ಟಲಿಗೆ ನೀರು ಬರದೆ ಇರುವುದೇ ಆಶ್ಚರ್ಯ. ಬಟ್ಟಲಿನ ಡ್ರೇನ್ ತಿರುಪು ಸಡಿಲಿಸಿ ಗಾಜಿನ ಲೋಟದಲ್ಲಿ ಹಿಡಿದು ನೋಡಿ. ನೀರಿದ್ದರೆ ತಳದಲ್ಲಿ ಅದರ ಗುಳ್ಳೆಗಳು ಬೇರೆಯಾಗಿ ಕಾಣುತ್ತವೆ.

ಇಷ್ಟಾದರೂ ಪತ್ತೆಯಾಗದಿದ್ದರೆ ಮುಂದಿನ ಹೆಜ್ಜೆ ವೋಲ್ಟೇಜ್. ಬ್ಯಾಟರಿಯಲ್ಲಿ 12.4 ವೋಲ್ಟ್ ಇದೆ, ಪಾಯಿಂಟ್ ಮುಚ್ಚಿ ಕರೆಂಟ್ ಹರಿಯುತ್ತಿರುವಾಗ ಕಾಯಿಲಿನ ತುದಿಯಲ್ಲಿ 10 ಮಾತ್ರ ಇದೆ ಎಂದಿಟ್ಟುಕೊಳ್ಳಿ. ನಡುವೆ ಕಳೆದುಹೋದ 2.4 ವೋಲ್ಟ್ ಎಲ್ಲಿ ಹೋಯಿತು? ಫ್ಯೂಸಿನಲ್ಲಿ, ಕೀಲಿಯ ಸ್ವಿಚ್ಚಿನಲ್ಲಿ, ಹ್ಯಾಂಡಲಿನ ಕಿಲ್ ಸ್ವಿಚ್ಚಿನಲ್ಲಿ, ಕಿಲುಬು ಹಿಡಿದ ಜೋಡಣೆಗಳಲ್ಲಿ. ಹೊಸ ಕಾಯಿಲ್ ಹಾಕಿದರೂ ಅದಕ್ಕೂ ಸಿಗುವುದು ಅದೇ 10 ವೋಲ್ಟ್. ಬ್ಯಾಟರಿಯಿಂದ ಕಾಯಿಲಿಗೆ ನೇರ ಒಂದು ತಂತಿ ಎಳೆದು ಓಡಿಸಿ ನೋಡಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಸಿಡಿಐ ಇರುವ ಹೀರೊ ಹೋಂಡಾ ಗಾಡಿಗಳಲ್ಲಿ ಕಿಲ್ ಲೈನಿನ ಕಪ್ಪುಬಿಳಿ ತಂತಿಯನ್ನು ಕಳಚಿ ನೋಡಬೇಕು. ಮಿಸ್ಸಿಂಗ್ ನಿಂತರೆ ಸ್ವಿಚ್ಚೋ ಅದರ ತಂತಿಯೋ ಎಲ್ಲೋ ಚಾಸಿಗೆ ತಾಗುತ್ತಿದೆ. ಈ ಗಾಡಿಗಳಲ್ಲಿ ಮ್ಯಾಗ್ನೆಟ್ ಮುಚ್ಚಳದೊಳಗಿನ ಎಕ್ಸೈಟರ್, ಪಲ್ಸರ್ ಸುರುಳಿಗಳು ಎಂಜಿನ್ನಿನ ಬಿಸಿಯಲ್ಲಿ, ನಡುಕದಲ್ಲಿ ಬದುಕುತ್ತವೆ. ಹೊರಗಿನ ಕಾಯಿಲಿಗಿಂತ ಮೊದಲು ಅವುಗಳ ಓಮ್ ಅಳೆಯುವುದು ನ್ಯಾಯ.

ಕಾಯಿಲ್ ಕೆಡುವುದೇ ಇಲ್ಲ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಕೆಡುತ್ತದೆ. ಆದರೆ ಕೆಟ್ಟಿದ್ದಕ್ಕೆ ಕಾರಣ ಇರುತ್ತದೆ. ಪಾಯಿಂಟ್ ಗಾಡಿಯಲ್ಲಿ ಎಂಜಿನ್ ನಿಲ್ಲಿಸಿ ಕೀಲಿ ಆನ್ ಬಿಟ್ಟು ಹೋದರೆ, ಪಾಯಿಂಟ್ ಮುಚ್ಚಿಕೊಂಡಿದ್ದ ಪಕ್ಷದಲ್ಲಿ 12 ವೋಲ್ಟಿನ 4 ಓಮ್ ಕಾಯಿಲಿನಲ್ಲಿ 3 ಆಂಪಿಯರ್ ಸತತ ಹರಿಯುತ್ತದೆ. 36 ವ್ಯಾಟ್ ಬಿಸಿ ಆ ಮುಷ್ಟಿಗಾತ್ರದ ಡಬ್ಬಿಯೊಳಗೇ ಕೂಡಿ ಅದನ್ನು ಬೇಯಿಸುತ್ತದೆ. ಪ್ಲಗ್ ಅಂತರ ಸವೆದು ಅಗಲವಾದರೂ ಕಾಯಿಲ್ ವರ್ಷಗಟ್ಟಲೆ ಹೆಚ್ಚು ಒತ್ತಡದಲ್ಲಿ ದುಡಿಯುತ್ತದೆ. ಕವಚ ಬಿರುಕು ಬಿಟ್ಟಿದೆಯೇ ಎಂದು ತಿಳಿಯಲು ರಾತ್ರಿ ದೀಪ ಆರಿಸಿ, ಎಂಜಿನ್ ಓಡಿಸಿ, ಕಾಯಿಲ್ ಮತ್ತು ಪ್ಲಗ್ ತಂತಿಯ ಸುತ್ತ ನೀರು ಚಿಮುಕಿಸಿ ನೋಡಬೇಕು. ಸೋರುವ ಕಡೆ ನೀಲಿ ಗೆರೆ ಮಿನುಗುತ್ತದೆ, ಚಟಚಟ ಸದ್ದು ಕೇಳುತ್ತದೆ. ಹೀಗೆ ಸಾಬೀತಾದ ಮೇಲೆ ಕಾಯಿಲ್ ಬದಲಿಸಿದರೆ ಅದು ರಿಪೇರಿ. ಮೊದಲು ಬದಲಿಸಿ ಆಮೇಲೆ ನೋಡುವುದು ಜೂಜು.

ಆ ಜೂಜಿನಲ್ಲಿ ಕಳೆದುಕೊಳ್ಳುವುದು ಹಣವಷ್ಟೇ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಗಾಡಿ ಕಟ್ಟಿ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳಿಗೆ ಗಾಡಿಯ ಜೊತೆಗೇ ಬಂದ ಕಾಯಿಲ್ ಇನ್ನು ಹೊಸದಾಗಿ ಸಿಗುವುದಿಲ್ಲ. ಅವುಗಳಲ್ಲಿ 6 ವೋಲ್ಟಿನವೂ ಇವೆ, 12 ವೋಲ್ಟಿನವೂ ಇವೆ. ಆ ಕಾಯಿಲನ್ನು ಅನುಮಾನದ ಮೇಲೆ ಬಿಸಾಡಿ, ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಸಿಡಿಐ ಗಾಡಿಯ ಕಾಯಿಲಿನ ದಪ್ಪ ತಂತಿಯ ರೋಧ ಒಂದು ಓಮ್‌ಗಿಂತ ಕಡಿಮೆ. ಅದನ್ನು ಪಾಯಿಂಟ್ ಗಾಡಿಗೆ ಹಾಕಿದರೆ ಕರೆಂಟ್ ಹಲವು ಪಟ್ಟು ಏರಿ ಪಾಯಿಂಟ್ ಸುಟ್ಟುಹೋಗುತ್ತದೆ. ವಾರದಲ್ಲಿ ಮತ್ತೆ ಮಿಸ್ಸಿಂಗ್. ಆಗ ಗಾಡಿಯೇ ಸರಿಯಿಲ್ಲ, ಮಾರಿಬಿಡಿ ಎಂಬ ಸಲಹೆ ಬರುತ್ತದೆ. ಮೂವತ್ತು ವರ್ಷ ಮನೆಯವರನ್ನು ಹೊತ್ತ ಗಾಡಿ ಗುಜರಿ ತಕ್ಕಡಿ ಏರುವುದು ಹೀಗೆ.

ಮೆಕ್ಯಾನಿಕ್‌ಗಳ ಪಕ್ಷದ ಮಾತಿನಲ್ಲೂ ನ್ಯಾಯವಿದೆ, ಅದನ್ನು ಕೇಳಲೇಬೇಕು. ಗಿರಾಕಿ ಹಣ ಕೊಡುವುದು ಬದಲಿಸಿದ ಸಾಮಾನಿಗೆ, ಹುಡುಕಿದ ಹೊತ್ತಿಗಲ್ಲ. ಎರಡು ತಾಸು ತಂತಿ ಜಾಲಾಡಿ, ಒಂದು ಕನೆಕ್ಟರ್ ಉಜ್ಜಿ ಗಾಡಿ ಎಬ್ಬಿಸಿಕೊಟ್ಟರೆ “ಏನೂ ಹಾಕಿಲ್ಲವಲ್ಲ, ಯಾಕಪ್ಪಾ ಇಷ್ಟು ರೊಕ್ಕ?” ಎಂದು ಕೇಳುವವರೇ ಹೆಚ್ಚು. ಹೊಸ ಕಾಯಿಲ್ ತೋರಿಸಿದರೆ ತಕರಾರಿಲ್ಲದೆ ಬಿಲ್ ತೆರುತ್ತಾರೆ. ಹೀಗಾಗಿ ಊಹೆಗೆ ಸಂಬಳ, ವಿದ್ಯೆಗೆ ಬೈಗುಳ ಎಂಬ ವ್ಯವಸ್ಥೆಯನ್ನು ಗಾಡಿಯವರೇ ಕಟ್ಟಿದ್ದಾರೆ. ಮೆಕ್ಯಾನಿಕ್‌ನನ್ನು ದೂರುವ ಮೊದಲು ಅವರು ಈ ಪಾಲನ್ನು ಒಪ್ಪಿಕೊಳ್ಳಬೇಕು. ಆದರೆ ಅದು ಊಹೆಯನ್ನು ಸಮರ್ಥಿಸುವ ಕಾರಣವಾಗದು. ಅಗ್ಗದ ಮಲ್ಟಿಮೀಟರ್, ಫೀಲರ್ ಗೇಜ್, ಹಳೆಯ ಪ್ಲಗ್, ಎರಡು ಮಾರು ತಂತಿ ಇಷ್ಟಿದ್ದರೆ ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಯಾವ ಸಣ್ಣ ಗ್ಯಾರೇಜಿನಲ್ಲೂ ಸಾಧ್ಯ.

ಅದೂ ಹರಿಹರದಲ್ಲಿ ಈ ಊಹೆಯ ವಿದ್ಯೆ ನಡೆಯುತ್ತಿರುವುದು ಹೆಚ್ಚು ನೋವಿನ ಸಂಗತಿ. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ಮಾಡಿ ದೇಶಕ್ಕೆ ಕಳಿಸಿತು. ಮೈಕ್ರೋಮೀಟರ್ ಹಿಡಿದು ಕೂದಲಿನ ದಪ್ಪದ ಒಂದಂಶದಷ್ಟು ತಪ್ಪನ್ನೂ ಒಪ್ಪದ ಕೈಗಳು ತಲೆಮಾರುಗಟ್ಟಲೆ ಈ ಊರಿನಲ್ಲಿ ತಯಾರಾದವು. ಕಾರ್ಖಾನೆ ಮುಚ್ಚಿ ಎರಡು ದಶಕಕ್ಕೂ ಹೆಚ್ಚಾಯಿತು. ಆದರೆ ಅಳೆಯದೆ ಕತ್ತರಿಸಬಾರದು ಎಂದು ಅಪ್ಪಂದಿರು ಲೇತ್ ಮುಂದೆ ಕಲಿತ ಊರಿನಲ್ಲಿ, ಮಕ್ಕಳು 0.4 ಮಿಲಿಮೀಟರ್ ಪಾಯಿಂಟ್ ಅಂತರವನ್ನು ಕಣ್ಣಂದಾಜಿನಲ್ಲಿ ಹೊಂದಿಸಬೇಕಾಗಿಲ್ಲ. ದಾವಣಗೆರೆ, ಹರಿಹರದ ಐಟಿಐಗಳಲ್ಲಿ ಕಲಿತು ಬರುವ ಹುಡುಗರಿಗೆ ಓಮ್, ವೋಲ್ಟ್ ಗೊತ್ತಿಲ್ಲವೆಂದಲ್ಲ. ಗ್ಯಾರೇಜಿಗೆ ಕಾಲಿಟ್ಟ ಮೊದಲ ವಾರದಲ್ಲೇ “ಮೀಟರ್ ಎಲ್ಲಾ ಬಿಡೋ, ಕಾಯಿಲ್ ಹಾಕು” ಎಂದು ಅವರಿಗೆ ಹೇಳಲಾಗುತ್ತದೆ. ಕಲಿತ ವಿದ್ಯೆ ಅಲ್ಲೇ ಮರೆತುಹೋಗುತ್ತದೆ.

ಗಾಡಿಯವರು ಮಾಡಬಹುದಾದದ್ದು ಇಷ್ಟು. ಮಿಸ್ಸಿಂಗ್ ಎಂದು ಗ್ಯಾರೇಜಿಗೆ ಹೋದಾಗ ಯಾವಾಗ, ಎಷ್ಟು ದೂರ ಓಡಿದ ಮೇಲೆ, ಯಾವ ವೇಗದಲ್ಲಿ, ಸ್ವಿಚ್ ಆರಿಸಿದ ಹಾಗೆ ಚಕ್ಕನೆಯೋ ಅಥವಾ ಮೆಲ್ಲಗೆ ಸೊರಗಿಯೋ ನಿಂತಿತು ಎಂಬುದನ್ನು ಹೇಳಿ. ಚಕ್ಕನೆ ನಿಂತರೆ ಕರೆಂಟಿನ ಕಡೆ, ಸೊರಗಿ ನಿಂತರೆ ಪೆಟ್ರೋಲಿನ ಕಡೆ ಮೊದಲು ನೋಡಲು ಅದು ನೆರವಾಗುತ್ತದೆ. ಹುಡುಕಿದ ಹೊತ್ತಿಗೂ ಕೂಲಿ ಕೊಡುತ್ತೇನೆ ಎಂದು ಮೊದಲೇ ಮಾತು ಕೊಡಿ. ಕಾಯಿಲ್ ಬದಲಿಸಲೇಬೇಕೆಂದರೆ ಯಾವ ಪರೀಕ್ಷೆಯಲ್ಲಿ ಅದು ಸೋತಿತು ಎಂದು ಕೇಳಿ. ಬದಲಿಸಿದ ಮೇಲೆ ಹಳೆಯದನ್ನು ಒಮ್ಮೆ ವಾಪಸ್ ಹಾಕಿಸಿ ಓಡಿಸಿ ನೋಡಿ. ಆಗಲೂ ಗಾಡಿ ಚೆನ್ನಾಗಿ ಓಡಿದರೆ ಹೊಸ ಕಾಯಿಲನ್ನು ಅಂಗಡಿಗೆ ಮರಳಿಸಿ, ಹಳೆಯದರಲ್ಲೇ ಮನೆಗೆ ಹೋಗಿ.